ಕ್ಲಿನಿಕ್ ಮುಚ್ಚದೆ ಕೀಲು-ಸ್ನಾಯು ವೈದ್ಯ ಕಲಿಯಬಹುದಾ?

ಪ್ರಶ್ನೆ: ಡಾಕ್ಟ್ರೇ, ನಾನು ಎಂಬಿಬಿಎಸ್ ಮುಗಿಸಿ 12 ವರ್ಷದಿಂದ ಹೊಸನಗರ ತಾಲ್ಲೂಕಿನ ಒಂದು ಊರಲ್ಲಿ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ವಯಸ್ಸು 38. ದಿನಕ್ಕೆ ನಲವತ್ತು-ಐವತ್ತು ಜನ ಬರುತ್ತಾರೆ. ಸೊಂಟ, ಮಂಡಿ, ಭುಜ, ಕುತ್ತಿಗೆ, ಅರ್ಧ ಜನರದ್ದು ಇದೇ ಗೋಳು. ನೋವಿನ ಮಾತ್ರೆ, ಒಂದು ಇಂಜೆಕ್ಷನ್, ಹೆಚ್ಚೆಂದರೆ ಎಕ್ಸ್‌ರೇ ಬರೆದು ಶಿವಮೊಗ್ಗಕ್ಕೆ ಕಳಿಸುವುದು. ನನ್ನ ಕೈಲಾಗುವುದು ಇಷ್ಟೇ. ಹದಿನೈದು ದಿನಕ್ಕೆ ಅದೇ ಮುಖ ಮತ್ತೆ ಎದುರಿಗೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುತ್ತಲೇ ಓದುವ ಮಸ್ಕ್ಯುಲೋಸ್ಕೆಲಿಟಲ್ ಮೆಡಿಸಿನ್ (ಕೀಲು-ಸ್ನಾಯು ವೈದ್ಯ) ಕೋರ್ಸ್ ಇದೆ ಅಂತ ಗೊತ್ತಾಯಿತು. ಸ್ನೇಹಿತೆ ಒಬ್ಬಳು "ಅದು ಮಾಡಿದರೆ ಬೋರ್ಡಿನ ಮೇಲೆ ತಜ್ಞೆ ಅಂತ ಬರೆಸಬಹುದು" ಅನ್ನುತ್ತಾಳೆ. ಸೀನಿಯರ್ ಒಬ್ಬರು "ಆನ್‌ಲೈನಲ್ಲಿ ಕೈವಿದ್ಯೆ ಬರುತ್ತಾ? ದುಡ್ಡು ದಂಡ" ಅನ್ನುತ್ತಾರೆ. ಮನೆಯಲ್ಲಿ ಅಡಿಕೆ ತೋಟ ಇದೆ, ಅತ್ತೆ ಇದ್ದಾರೆ, ಮಗಳು ಏಳನೇ ಕ್ಲಾಸು. ಮೂರು ವರ್ಷ ಎಲ್ಲ ಬಿಟ್ಟು ಎಂಡಿ ಮಾಡಲು ಆಗಲ್ಲ. ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಬೇಕಾದರೆ ಯಾವುದು ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. "ಅದೇ ಮುಖ ಮತ್ತೆ ಎದುರಿಗೆ" ಅಂದಿರಲ್ಲ, ಆ ಸಂಕಟ ನನಗೂ ಗೊತ್ತು. ನಾನು ಆರ್ಥೋ, ಅಂದರೆ ಮೂಳೆ ವೈದ್ಯ ಓದಿ ಶಿವಮೊಗ್ಗದಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಯಿತು. ಆಪರೇಷನ್ ಬೇಕಾದವರಿಗೆ ಏನು ಮಾಡಬೇಕು ಅಂತ ಚೆನ್ನಾಗಿ ಕಲಿಸಿದ್ದರು. ಆಪರೇಷನ್ ಬೇಡದ ನೂರು ಜನಕ್ಕೆ ಏನು ಮಾಡಬೇಕು ಅನ್ನುವುದನ್ನು ಆಮೇಲೆ, ಕೆಲಸ ಮಾಡುತ್ತಲೇ, ಅರೆಕಾಲಿಕವಾಗಿ ಓದಿ ಕಲಿತೆ. ಹಾಗಾಗಿ ಈ ದಾರಿಯ ಕಲ್ಲು-ಮುಳ್ಳು ನನಗೆ ಪರಿಚಯ ಇದೆ.

ನೀವು ಎರಡು ಪ್ರಶ್ನೆಯನ್ನು ಒಂದೇ ಮಾಡಿಕೊಂಡಿದ್ದೀರಿ. ನೋವು ಅಂತ ಬಂದವರನ್ನು ಸರಿಯಾಗಿ ನೋಡಲು ಕಲಿಯಬಹುದಾ ಅನ್ನುವುದು ಒಂದು. ಕಲಿತದ್ದಕ್ಕೆ ತಜ್ಞೆ ಅನ್ನುವ ಹೆಸರು ಸಿಗುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಖಂಡಿತ ದಾರಿ ಇದೆ. ಎರಡನೆಯದಕ್ಕೆ ನಮ್ಮ ದೇಶದಲ್ಲಿ ಅರೆಕಾಲಿಕ ದಾರಿ ಇಲ್ಲ.

ಆ ಬೋರ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಎಂಡಿ, ಎಂಎಸ್, ಡಿಎನ್‌ಬಿ ಎಲ್ಲವೂ ನೀಟ್ ಪಿಜಿಯಂಥ ಪ್ರವೇಶ ಪರೀಕ್ಷೆ ಬರೆದು, ಆಸ್ಪತ್ರೆಯಲ್ಲೇ ಇದ್ದು ಮಾಡುವ ಪೂರ್ಣಾವಧಿ ರೆಸಿಡೆನ್ಸಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳಲ್ಲೂ ಅದೇ ಇದೆ. ನಿಮ್ಮ ಆಸಕ್ತಿಗೆ ಹತ್ತಿರದ ಮಾನ್ಯ ಪದವಿಗಳು ಎಂಎಸ್ ಆರ್ಥೋ, ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್‌ನಲ್ಲಿ ಎಂಡಿ, ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಎಂಡಿ. ಮಸ್ಕ್ಯುಲೋಸ್ಕೆಲಿಟಲ್ ಮೆಡಿಸಿನ್ ಅನ್ನುವ ಬೇರೆ ವಿಭಾಗವೇ ನಮ್ಮಲ್ಲಿಲ್ಲ. ನ್ಯೂಜಿಲೆಂಡ್‌ನಲ್ಲಿ ಇದೆ. ಅಲ್ಲಿನ ಮೆಡಿಕಲ್ ಕೌನ್ಸಿಲ್ ಅದನ್ನು ಒಂದು ತಜ್ಞ ವಿಭಾಗವಾಗಿಯೇ ಒಪ್ಪಿಕೊಂಡಿದೆ. ಅಲ್ಲಿ ನಡೆಯುತ್ತದೆ ಅಂತ ಇಲ್ಲಿ ನಡೆಯುವುದಿಲ್ಲ. ವೈದ್ಯರ ನಡತೆಯ ಬಗ್ಗೆ 2002ರ ನಿಯಮ ನೇರವಾಗಿ ಹೇಳುತ್ತದೆ: ಆ ವಿಭಾಗದ ವಿಶೇಷ ಪದವಿ ಇಲ್ಲದವರು ತಜ್ಞರೆಂದು ಹೇಳಿಕೊಳ್ಳುವ ಹಾಗಿಲ್ಲ. ಹೊರದೇಶದ ಡಿಪ್ಲೊಮಾವನ್ನು ಹೆಸರಿನ ಪಕ್ಕ ಬರೆಸುವ ಮುಂಚೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಪತ್ರ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ. ಬಾಯಿಮಾತು ನಂಬಬೇಡಿ. ನಾಳೆ ಏನಾದರೂ ತೊಂದರೆಯಾಗಿ ಕೋರ್ಟಿಗೆ ಹೋದರೆ, ತಜ್ಞೆ ಎಂದು ಹೇಳಿಕೊಂಡವರನ್ನು ತಜ್ಞರ ಅಳತೆಗೋಲಿನಲ್ಲೇ ಅಳೆಯುತ್ತಾರೆ.

ಇಷ್ಟಕ್ಕೂ ನಿಮ್ಮೂರಿನವರು ಬೋರ್ಡ್ ಓದಿ ಒಳಗೆ ಬರುವವರಲ್ಲ. "ಅಮ್ಮೋರ ಕೈಗುಣ ಚೆನ್ನಾಗಿದೆ" ಅಂತ ಬರುವವರು, ಅಲ್ವಾ?

ಇನ್ನು ಆ ಕೈಗುಣದ ವಿಷಯಕ್ಕೆ ಬರೋಣ. ಇದರ ಬಗ್ಗೆ ನನಗೆ ಜಾಸ್ತಿ ಹೇಳಬೇಕಿದೆ.

ಮೊದಲನೆಯದಾಗಿ, ನಿಮಗೆ ಬರುವುದಿಲ್ಲ ಅನ್ನುವುದು ನಿಮ್ಮ ತಪ್ಪಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಗಷ್ಟೇ ಮೆಡಿಕಲ್ ಮುಗಿಸಿ ಬಂದ 85 ವೈದ್ಯರಿಗೆ ಮೂಳೆ-ಸ್ನಾಯು ವಿಷಯದ ತೀರಾ ಸಾಮಾನ್ಯ ಪರೀಕ್ಷೆ ಕೊಟ್ಟ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 70 ಜನ ಪಾಸಾಗಲಿಲ್ಲ. ನಮ್ಮ ಕಥೆಯೂ ಬೇರೆಯಲ್ಲ. ಎಂಬಿಬಿಎಸ್‌ನಲ್ಲಿ ಆರ್ಥೋ ಪೋಸ್ಟಿಂಗ್ ಅಂದರೆ ಏನು ನೋಡುತ್ತೇವೆ? ವಾರ್ಡಿನಲ್ಲಿ ಮಲಗಿರುವ ಮುರಿದ ತೊಡೆ, ಪ್ಲಾಸ್ಟರ್, ರಾಡು. ಕ್ಲಿನಿಕ್ಕಿಗೆ ಬರುವುದು ಏನು? ಎಕ್ಸ್‌ರೇಯಲ್ಲಿ ಏನೂ ಕಾಣದ ನೋವು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಅದರ ಪೊರೆ, ಕೀಲಿನ ಚೀಲ, ಒತ್ತಿಕೊಂಡ ನರ. ಅದನ್ನು ಮುಟ್ಟಿ ನೋಡುವುದನ್ನು ಯಾರೂ ಕುಳಿತು ಕಲಿಸಲಿಲ್ಲ.

ಹೋದ ಸಲ ಅಡಿಕೆ ಸುಲಿತದ ಸಮಯದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಹೆಂಗಸು ಬಂದಿದ್ದರು. ಕೈಯಲ್ಲಿ ಒಂದು ದಪ್ಪ ಫೈಲು. ಮಣಿಕಟ್ಟಿನ ಎಕ್ಸ್‌ರೇ ಎರಡು ಸಲ, ಕೀಲುವಾತಕ್ಕೆ ಮಾಡಿಸುವ ಯೂರಿಕ್ ಆಸಿಡ್, ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ, ಎಲ್ಲ ನಾರ್ಮಲ್. "ವಾತ" ಅಂತ ಮೂರು ತಿಂಗಳು ಮಾತ್ರೆ ನುಂಗಿದ್ದಾರೆ. ನಾನು ಫೈಲು ಪಕ್ಕಕ್ಕಿಟ್ಟು, "ಮೆಟ್ಟುಗತ್ತಿ ಮುಂದೆ ಹೇಗೆ ಕೂರ್ತೀರಿ, ಹಾಗೇ ಕೂತು ಸುಲಿದು ತೋರಿಸಿ" ಅಂದೆ. ಅವರು ನಾಚಿಕೊಂಡೇ ಕೂತರು. ಇಲ್ಲದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಇಲ್ಲದ ಕತ್ತಿಗೆ ಒತ್ತಿ, ಮಣಿಕಟ್ಟು ತಿರುಗಿಸಿ, ಹೆಬ್ಬೆರಳಲ್ಲಿ ಸಿಪ್ಪೆ ತಳ್ಳಿದರು. ಮೂರನೇ ಸಲಕ್ಕೆ ಮುಖ ಕಿವುಚಿತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಲು ಹೇಳಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿದೆ. "ಅಯ್ಯಯ್ಯೋ, ಅದೇ ಅದೇ" ಅಂದರು. ಡಿ ಕ್ವೆರ್ವೇನ್. ಹೆಬ್ಬೆರಳಿನ ಎರಡು ಸ್ನಾಯುರಜ್ಜುಗಳು ಹಾದುಹೋಗುವ ಪೊರೆ ದಪ್ಪವಾಗಿ ಬಿಗಿಹಿಡಿದಿರುವುದು. ಇಡೀ ಪರೀಕ್ಷೆಗೆ ಹಿಡಿದದ್ದು ಮೂರು ನಿಮಿಷ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಒಂದು ಪಟ್ಟಿ, ಕೆಲವು ವಾರ ಸುಲಿಯುವುದು ಬಿಟ್ಟು ಬೇರೆ ಕೆಲಸ, ಅದಕ್ಕೂ ಬಗ್ಗದಿದ್ದರೆ ಸರಿಯಾದ ಜಾಗಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಸುಲಿದ ಅಡಿಕೆಯ ಡಬ್ಬದ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ "ಸುಲಿಯಬೇಡಿ" ಅನ್ನುವುದು ಸುಲಭದ ಮಾತಲ್ಲ, ಅದನ್ನೂ ಕೂತು ಮಾತಾಡಬೇಕಾಯಿತು.

ಒಳ್ಳೆಯ ಕೋರ್ಸ್ ಕಲಿಸುವುದು ಇದನ್ನೇ. ಈ ವಿದ್ಯೆಗೆ ಅಡಿಪಾಯ ಹಾಕಿದವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್. ಅವರ ಕ್ರಮ ಬಹಳ ಸರಳ. ಮೊದಲು ರೋಗಿಯೇ ಕೀಲು ಆಡಿಸಲಿ. ಆಮೇಲೆ ಅವರು ಸಡಿಲ ಬಿಡಲಿ, ನೀವು ಆಡಿಸಿ. ಕೊನೆಗೆ ಕೀಲು ಅಲುಗದಂತೆ ನೀವು ಅಡ್ಡ ಹಿಡಿಯಿರಿ, ಅವರು ಒತ್ತಲಿ. ಭುಜದ ನೋವಿನಲ್ಲಿ ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈ ಹೊರಗೆ ತಿರುಗಿಸಲು ನೀವು ನೋಡಿದರೂ ಆಗದೇ ಹೋದರೆ, ಎಕ್ಸ್‌ರೇಯೂ ನಾರ್ಮಲ್ ಇದ್ದರೆ, ಅದು ಹೆಚ್ಚುಕಮ್ಮಿ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡಿರುವುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ತಕ್ಷಣ ಸಕ್ಕರೆ ಪರೀಕ್ಷೆ ಮಾಡಿಸಿ. ತಿರುಗುವುದೆಲ್ಲ ಸಲೀಸಾಗಿದ್ದು, ಅಡ್ಡ ಹಿಡಿದಾಗ ಮಾತ್ರ ನೋವಾದರೆ ಸ್ನಾಯುರಜ್ಜಿನ ತೊಂದರೆ. ಎರಡಕ್ಕೂ ಚಿಕಿತ್ಸೆ ಬೇರೆ, ಹೇಳಬೇಕಾದ ಸಮಾಧಾನವೂ ಬೇರೆ.

ಹೇಳಬೇಕಾದ ಸಮಾಧಾನ ಅಂದೆ. ಅದೂ ಒಂದು ವಿದ್ಯೆ. "ಬೆನ್ನಲ್ಲಿ ಗ್ಯಾಪ್ ಬಂದಿದೆ", "ಡಿಸ್ಕ್ ಸವೆದಿದೆ" ಅಂತ ಹೇಳಿಸಿಕೊಂಡು ಗದ್ದೆಗೆ ಇಳಿಯುವುದನ್ನೇ ಬಿಟ್ಟವರು ನಿಮ್ಮಲ್ಲೂ ಬರುತ್ತಿರಬೇಕು. ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 20 ವರ್ಷದವರಲ್ಲೇ ಶೇ. 37 ಜನರ ಡಿಸ್ಕ್ ಸವೆದಿತ್ತು. 80 ವರ್ಷದವರಲ್ಲಿ ಶೇ. 96. ಸವೆತ ತಲೆಗೂದಲು ನೆರೆತಂತೆ. ಇದನ್ನು ರೋಗಿಗೆ ಹೆದರಿಕೆ ಹೋಗುವ ಹಾಗೆ ಹೇಳುವುದನ್ನು ನಾನು ಕೋರ್ಸಿನಲ್ಲೇ ಕಲಿತದ್ದು. ಅದಕ್ಕೂ ಮೊದಲು ನಾನೂ ಫಿಲ್ಮ್ ಎತ್ತಿ ಹಿಡಿದು "ನೋಡಿ ಇಲ್ಲಿ" ಅನ್ನುತ್ತಿದ್ದೆ.

ಈಗ ನಿಮ್ಮ ಸೀನಿಯರ್ ಮಾತು. ಆನ್‌ಲೈನಲ್ಲಿ ಕೈವಿದ್ಯೆ ಬರುತ್ತಾ? ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ವಿಡಿಯೋ ನೋಡಿ ಈಜು ಬರುವುದಿಲ್ಲ. ಆದರೆ ಒಳ್ಳೆಯ ಅರೆಕಾಲಿಕ ಕೋರ್ಸ್‌ಗಳು ಬರೀ ವಿಡಿಯೋ ಅಲ್ಲ. ಓದುವುದು, ಕೇಸ್ ಚರ್ಚೆ ಮನೆಯಿಂದ. ಕೈಕೆಲಸಕ್ಕೆ ಕೆಲವು ದಿನ ಅಲ್ಲೇ ಹೋಗಿ ಇರಬೇಕು. ಪೂರ್ಣಾವಧಿಯಲ್ಲಿ ಇಲ್ಲದ ಒಂದು ಲಾಭ ಇದರಲ್ಲಿದೆ. ಭಾನುವಾರ ರಾತ್ರಿ ಸೊಂಟದ ಪಾಠ ಓದಿದರೆ ಸೋಮವಾರ ಬೆಳಿಗ್ಗೆ ಐದು ಸೊಂಟ ನಿಮ್ಮ ಬಾಗಿಲಲ್ಲಿ ಕೂತಿರುತ್ತವೆ. ಓದಿದ್ದು ಒಣಗುವ ಮುಂಚೆಯೇ ಕೈಗೆ ಇಳಿಯುತ್ತದೆ.

ಆದ್ದರಿಂದ ಯಾವುದೇ ಕೋರ್ಸ್ ಇರಲಿ, ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ನಾನು ರೋಗಿಯನ್ನು ಪರೀಕ್ಷೆ ಮಾಡುವಾಗ ನನ್ನ ಕೈಯನ್ನು ಯಾರು ನೋಡುತ್ತಾರೆ? ಎಷ್ಟು ದಿನ ನೋಡುತ್ತಾರೆ? ಕೊನೆಯ ಪರೀಕ್ಷೆಯಲ್ಲಿ ನಿಜವಾದ ಮನುಷ್ಯರ ಮೇಲೆ ಕೈ ಇಟ್ಟು ತೋರಿಸಬೇಕಾ, ಅಥವಾ ಬರೀ ಉತ್ತರ ಟಿಕ್ ಮಾಡುವುದಾ? ಇದಕ್ಕೆ ಸರಿಯಾದ ಉತ್ತರ ಬರದಿದ್ದರೆ ಆ ಕೋರ್ಸ್ ಬಿಡಿ, ಎಷ್ಟೇ ದೊಡ್ಡ ಹೆಸರಿರಲಿ. ಆರು ವಾರಕ್ಕೆ "ಫೆಲೋಶಿಪ್" ಕೊಡುವವರೂ ಇದ್ದಾರೆ. ಗೋಡೆಗೆ ನೇತುಹಾಕಲು ಚೆಂದದ ಕಾಗದ ಬರುತ್ತದೆ, ಅಷ್ಟೇ. ಇಂಥದ್ದಕ್ಕೆ ದುಡ್ಡು ಸುರಿದು ಕಣ್ಣೀರು ಹಾಕಿದ ಇಬ್ಬರು ಕಿರಿಯ ವೈದ್ಯರು ನನಗೆ ಗೊತ್ತು.

ಹೊರದೇಶದ ಕೋರ್ಸ್‌ಗಳಲ್ಲಿ ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದ ಕ್ರೈಸ್ಟ್‌ಚರ್ಚ್ ವಿಭಾಗದ್ದು ವೈದ್ಯರಿಗೆಂದೇ ಮಾಡಿದ್ದು. ಬ್ರಿಟನ್ನಿನಲ್ಲಿ ಕೀಲು-ಸ್ನಾಯು ಮತ್ತು ಸ್ಪೋರ್ಟ್ಸ್ ಮೆಡಿಸಿನ್‌ಗೆ ಹಲವು ಇವೆ. ನಮ್ಮ ನೋಂದಣಿ ಸಾಕಾ, ಅಲ್ಲಿನದ್ದೇ ಬೇಕಾ, ಇಂಗ್ಲಿಷ್ ಪರೀಕ್ಷೆ ಇದೆಯಾ ಅಂತ ಮೊದಲೇ ಬರೆದು ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಿಲು: ಸರ್ಟಿಫಿಕೇಟ್ 60 ಕ್ರೆಡಿಟ್, ಡಿಪ್ಲೊಮಾ 120, ಮಾಸ್ಟರ್ಸ್ 180. ಒಂದು ಕ್ರೆಡಿಟ್ ಅಂದರೆ ಹತ್ತು ಗಂಟೆ ಓದು. ಸರ್ಟಿಫಿಕೇಟ್ ಒಂದಕ್ಕೇ 600 ಗಂಟೆ. ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೆರಡು ಗಂಟೆ. ಜಾಹೀರಾತಿನಲ್ಲಿ "ನಿಮ್ಮ ಬಿಡುವಿನಲ್ಲಿ ಓದಿ" ಅಂತಿರುತ್ತದೆ. ಆ ಬಿಡುವು ಎಲ್ಲಿದೆ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಆ ಲೆಕ್ಕದಲ್ಲಿ ತೋಟವನ್ನೂ ಸೇರಿಸಿ. ಬ್ರಿಟನ್ನಿನ ವರ್ಷ ಸೆಪ್ಟೆಂಬರಿನಲ್ಲಿ ಶುರು. ಮೊದಲ ಅಸೈನ್‌ಮೆಂಟ್ ಬರುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಅಡಿಕೆ ಗೊನೆ ಕೊಯ್ಲು, ಸುಲಿತ, ಬೇಯಿಸುವುದು ಜೋರಾಗಿರುತ್ತದೆ. ಲೈವ್ ಕ್ಲಾಸ್ ಅಲ್ಲಿನ ಸಂಜೆ ಆರಕ್ಕೆ ಇಟ್ಟರೆ ಚಳಿಗಾಲದಲ್ಲಿ ನಮಗೆ ರಾತ್ರಿ ಹನ್ನೊಂದೂವರೆ. ನ್ಯೂಜಿಲೆಂಡ್‌ನ ಶೈಕ್ಷಣಿಕ ವರ್ಷ ಶುರುವಾಗುವುದು ಫೆಬ್ರವರಿಯ ಕೊನೆಗೆ, ಅಡಿಕೆ ಕೆಲಸ ಇಳಿಮುಖವಾದಾಗ. ಆದರೆ ಅಲ್ಲಿನ ಸಂಜೆ ಏಳು ಅಂದರೆ ನಮಗೆ ಮಧ್ಯಾಹ್ನದ ಆಸುಪಾಸು, ಕ್ಲಿನಿಕ್ ತುಂಬಿರುವ ಹೊತ್ತು. ಜುಲೈ-ಆಗಸ್ಟಿನಲ್ಲಿ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ರೆಕಾರ್ಡಿಂಗ್ ಕೊಡುತ್ತಾರಾ ಕೇಳಿ. ಇವೆಲ್ಲ ಚಿಲ್ಲರೆ ವಿಷಯ ಅನ್ನಿಸಬಹುದು. ಅರ್ಧಕ್ಕೆ ಬಿಟ್ಟವರು ಬಿಟ್ಟದ್ದು ಇಂಥ ಕಾರಣಕ್ಕೇ, ಪಾಠ ಕಷ್ಟ ಅಂತ ಅಲ್ಲ. ಶುಲ್ಕ ಲಕ್ಷದ ಲೆಕ್ಕದಲ್ಲೇ ಇರುತ್ತದೆ. ಸಾಲ ಮಾಡಿ ಮಾಸ್ಟರ್ಸ್‌ಗೇ ನೇರ ಸೇರಬೇಡಿ. ಸರ್ಟಿಫಿಕೇಟ್‌ಗೆ ಸೇರಿ, ಒಂದು ವರ್ಷ ನೋಡಿ, ಬೇಕೆನಿಸಿದರೆ ಮುಂದಿನ ಮೆಟ್ಟಿಲು ಹತ್ತಬಹುದು.

ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಈಗಿನ ಕೋರ್ಸ್‌ಗಳಲ್ಲಿ ಅಲ್ಟ್ರಾಸೌಂಡ್ ನೋಡುತ್ತಾ ಕೀಲಿಗೆ ಸೂಜಿ ಹಾಕುವುದನ್ನು ಕಲಿಸುತ್ತಾರೆ. ಕಲಿತು ಬಂದ ಉತ್ಸಾಹದಲ್ಲಿ ಒಂದು ಮೆಷಿನ್ ತರಿಸೋಣ ಅನ್ನಿಸುತ್ತದೆ. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆ. ಆ ಕಾಯ್ದೆಯಡಿ ನೋಂದಣಿ ಇಲ್ಲದ ಜಾಗದಲ್ಲಿ ಅಲ್ಟ್ರಾಸೌಂಡ್ ಮೆಷಿನ್ ಇಟ್ಟುಕೊಳ್ಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ನೀವು ಮಂಡಿ ನೋಡಲು ತಂದೆ ಅಂದರೆ ಅಧಿಕಾರಿ ಕೇಳುವುದಿಲ್ಲ. ನೋಂದಣಿ ಮಾಡಿಸುವ ತಯಾರಿ ಇಲ್ಲದಿದ್ದರೆ ಕೈಬೆರಳಲ್ಲೇ ಜಾಗ ಗುರುತಿಸಿ ಕೊಡುವ ನಾಲ್ಕೈದು ಸುರಕ್ಷಿತ ಇಂಜೆಕ್ಷನ್ ಕಲಿತರೆ ಸಾಕು. ಅದರಲ್ಲೂ ಎಚ್ಚರ ಬೇಕು. ಸ್ಟೀರಾಯ್ಡ್ ಹಾಕಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ಸ್ವಚ್ಛತೆಯಲ್ಲಿ ಎಡವಿದರೆ ಕೀಲಿನಲ್ಲಿ ಕೀವು. ಹಿಮ್ಮಡಿಯ ದಪ್ಪ ಸ್ನಾಯುರಜ್ಜಿನೊಳಗೆ ಹಾಕಿದರೆ ಅದು ಹರಿದೇ ಹೋಗಬಹುದು. ಬೆನ್ನುಹುರಿಯ ಹತ್ತಿರದ ಇಂಜೆಕ್ಷನ್‌ಗಳನ್ನು ಕ್ಲಿನಿಕ್ಕಿನಲ್ಲಿ ಕೂತು ಮಾಡುವ ಯೋಚನೆಯೇ ಬೇಡ. ಚಿಕಿತ್ಸೆಯಲ್ಲಿ ಎಡವಟ್ಟಾದರೆ ಪರಿಹಾರ ಕಟ್ಟುವ ನಿಮ್ಮ ಇಂಡೆಮ್ನಿಟಿ ವಿಮೆ ಇಂಥ ಕೆಲಸಕ್ಕೆ ಅನ್ವಯಿಸುತ್ತದಾ ಅಂತ ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

ಇನ್ನೊಂದು ಅಪಾಯ ಇದೆ, ಇದು ನನಗೇ ಆದದ್ದು. ಶುರುವಿನ ವರ್ಷಗಳಲ್ಲಿ ಒಬ್ಬ ಕೊನೆಗಾರ, ಅಂದರೆ ಅಡಿಕೆ ಗೊನೆ ಇಳಿಸುವವನು, ಬೆನ್ನುನೋವು ಅಂತ ಬಂದ. ಮರ ಹತ್ತುವವನು, ಸ್ನಾಯು ಹಿಡಿದಿದೆ ಅಂದುಕೊಂಡೆ. ಮೂರು ಸಲ ಬಂದ, ಮೂರು ಸಲವೂ ಅದೇ ಔಷಧಿ. ರಾತ್ರಿ ನಿದ್ದೆಯಲ್ಲೂ ನೋವಾ, ಸಂಜೆ ಜ್ವರ ಬರುತ್ತಾ, ತೂಕ ಇಳಿದಿದೆಯಾ ಅಂತ ಕೇಳಲಿಲ್ಲ. ಷರಟು ತೆಗೆಸಿ ಬೆನ್ನುಮೂಳೆಯ ಮೇಲೆ ಬೆರಳು ಓಡಿಸಲಿಲ್ಲ. ಎರಡು ತಿಂಗಳಾದ ಮೇಲೆ ಕಾಲು ಸೋತು ಬೇರೆ ಆಸ್ಪತ್ರೆ ಸೇರಿದ. ಬೆನ್ನುಮೂಳೆಯ ಕ್ಷಯ. ಔಷಧಿಯಿಂದ ಮತ್ತೆ ನಡೆದ, ಆದರೆ ಮರ ಹತ್ತಲು ಆಗಲೇ ಇಲ್ಲ. ಆ ಮುಖ ನನ್ನ ಕಣ್ಣಿಂದ ಮರೆಯಾಗಿಲ್ಲ. ನಾನು ಮತ್ತೆ ಓದಲು ಕೂತದ್ದು ಅದಾದ ಮೇಲೆ.

ಹೊರದೇಶದ ಪಠ್ಯದಲ್ಲಿ ಕ್ಯಾನ್ಸರ್ ಬಗ್ಗೆ, ಮೂತ್ರ ಕಟ್ಟಿಕೊಂಡು, ಕೂರುವ ಭಾಗ ಜೋಮು ಹಿಡಿಯುವ ತುರ್ತಿನ ಬಗ್ಗೆ ಚೆನ್ನಾಗಿ ಕಲಿಸುತ್ತಾರೆ. ನಮ್ಮ ಕಾಡಿನ ಪಾಠ ಅಲ್ಲಿ ಇರುವುದಿಲ್ಲ. ಜನವರಿಯಿಂದ ಮೇ ಒಳಗೆ, ದರಗು (ಒಣಗಿ ಬಿದ್ದ ಎಲೆ) ತರಲು ಕಾಡಿಗೆ ಹೋದವರು ದಿಢೀರ್ ಜ್ವರ, ತಲೆನೋವು, ತಡೆಯಲಾರದ ಸೊಂಟ-ಮೈಕೈ ನೋವು ಅಂತ ಬಂದರೆ ಮಂಗನ ಕಾಯಿಲೆ ಮೊದಲು ನೆನಪಾಗಬೇಕು. 1957ರಲ್ಲಿ ಅದನ್ನು ಗುರುತಿಸಿದ್ದೇ ಸೊರಬದ ಕ್ಯಾಸನೂರಿನಲ್ಲಿ. ಮಳೆಗಾಲದಲ್ಲಿ ಗದ್ದೆಯಿಂದ ಬಂದವರ ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು, ಜ್ವರ, ಕೆಂಪು ಕಣ್ಣು ಇದ್ದರೆ ಇಲಿಜ್ವರ. ಒಂದೇ ಮನೆಯಲ್ಲಿ ಎರಡು-ಮೂರು ಜನ ಚಿಕ್ಕ ವಯಸ್ಸಿಗೇ ಸೊಂಟದ ಕೀಲು, ಮಂಡಿ ನೋವಿನಿಂದ ಕುಂಟುತ್ತಿದ್ದರೆ ಹಂದಿಗೋಡು ಕಾಯಿಲೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಆ ಊರಲ್ಲಿ ಬೆಳಕಿಗೆ ಬಂತು. ಗದ್ದೆಯ ಏಡಿ ತಿಂದದ್ದಕ್ಕೆ, ಕೀಟನಾಶಕಕ್ಕೆ ಅಂತೆಲ್ಲ ಮೊದಲು ಅನುಮಾನಪಟ್ಟಿದ್ದರು. ಅದು ವಂಶವಾಹಿ ಕಾಯಿಲೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಈ ಭಾಗವನ್ನು ನಿಮಗೆ ಕಲಿಸಬೇಕಾದವರು ಇಲ್ಲಿನ ಹಿರಿಯರು.

ಹೊರದೇಶಕ್ಕೆ ದುಡ್ಡು ಹೊಂದದಿದ್ದರೆ? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ), ಕೆಲಸದಲ್ಲಿರುವ ವೈದ್ಯರಿಗೆಂದೇ ದೂರಶಿಕ್ಷಣದಲ್ಲಿ ಕುಟುಂಬ ವೈದ್ಯದ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ನಡುನಡುವೆ ಮುಖಾಮುಖಿ ತರಬೇತಿಯೂ ಇರುತ್ತದೆ. ಅದು ಬರೀ ಕೀಲು-ಸ್ನಾಯುವಿಗೆ ಅಲ್ಲ, ತಜ್ಞೆ ಅನ್ನುವ ಪಟ್ಟವನ್ನೂ ಕೊಡುವುದಿಲ್ಲ. ಆದರೆ ನಿಮ್ಮಂಥ ಕ್ಲಿನಿಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಇನ್ನೊಂದು ದಾರಿಗೆ ಖರ್ಚೇ ಇಲ್ಲ. ವಾರಕ್ಕೆ ಅರ್ಧ ದಿನ ಯಾರಾದರೂ ಆರ್ಥೋ ವೈದ್ಯರ ಒಪಿಡಿಯಲ್ಲಿ, ಇನ್ನರ್ಧ ದಿನ ಒಳ್ಳೆಯ ಫಿಸಿಯೋಥೆರಪಿಸ್ಟ್ ಪಕ್ಕ ನಿಲ್ಲುವುದು. ಫಿಸಿಯೋ ಅಂದರೆ ಶಾಖ ಕೊಡುವವರು ಅಂತ ಅಂದುಕೊಂಡಿರುವ ವೈದ್ಯರು ಇನ್ನೂ ಇದ್ದಾರೆ. ಭುಜ, ಮಂಡಿ ಮುಟ್ಟಿ ನೋಡುವುದರಲ್ಲಿ ನನಗೆ ಅರ್ಧ ವಿದ್ಯೆ ಹೇಳಿಕೊಟ್ಟವರು ಅವರೇ. ಕಾಗದ ಸಿಗುವುದಿಲ್ಲ, ಕೈ ಪಳಗುತ್ತದೆ.

ವಯಸ್ಸಿನ ಬಗ್ಗೆ ಚಿಂತೆ ಬಿಡಿ. ನಾನು ಸೇರಿದಾಗ 41.

ಸದ್ಯಕ್ಕೆ ಹೀಗೆ ಮಾಡಿ. ನಾಳೆಯಿಂದ ಎರಡು ವಾರ, ನೋವು ಅಂತ ಬಂದ ಪ್ರತಿಯೊಬ್ಬರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಕೀಲು, ಏನು ಕೆಲಸ, ಏನು ಪರೀಕ್ಷೆ ಮಾಡಿದಿರಿ, ಏನು ಅಂದುಕೊಂಡಿರಿ, ಎಲ್ಲಿ ಗೊತ್ತಾಗಲಿಲ್ಲ. ಆ "ಗೊತ್ತಾಗಲಿಲ್ಲ" ಅನ್ನುವ ಸಾಲುಗಳೇ ನಿಮಗೆ ಯಾವ ಕೋರ್ಸ್ ಬೇಕು ಅಂತ ಹೇಳುತ್ತವೆ. ಹೆಚ್ಚಿನವು ಸೊಂಟ-ಭುಜದ್ದೇ ಆಗಿದ್ದರೆ ಸರ್ಟಿಫಿಕೇಟ್ ಸಾಕು. ಆಮೇಲೆ ಒಂದು ಗುರುವಾರ ಬೆಳಗಿನ ಬಸ್ಸು ಹತ್ತಿ ಆ ನೋಟ್‌ಬುಕ್ ತೆಗೆದುಕೊಂಡು ಶಿವಮೊಗ್ಗಕ್ಕೆ ಬನ್ನಿ. ಅವತ್ತು ನನ್ನ ಒಪಿಡಿ ಒಂದು ಗಂಟೆಯವರೆಗೆ ಇರುತ್ತದೆ. ಮೊದಲ ಹತ್ತು ರೋಗಿಗಳನ್ನು ನೀವೇ ನೋಡಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.